ರಕ್ತ ಕ್ಯಾನ್ಸರ್ ಮರಳಿದ ಮಗುವಿಗೆ ಹೊಸ ಔಷಧಿಯೋ, ಹಳೆಯದೋ?

"ಡಾಕ್ಟ್ರೆ, ಹೊಸಾ ಔಸ್ದಿ ಬಂದೈತಂತೆ. ಅದನ್ನೇ ಕೊಡ್ಸಿದ್ರೆ ಈ ಕೀಮೋ ಕಾಟ ತಪ್ಪಲ್ವಾ?"

ಸಕಲೇಶಪುರದ ಕಡೆಯ ತಾಯಿಯೊಬ್ಬರು ಹಾಸನದ ಬಿ.ಎಂ. ರಸ್ತೆಯ ನನ್ನ ಕ್ಲಿನಿಕ್ಕಿನಲ್ಲಿ ಕೂತು ಕೇಳಿದ ಪ್ರಶ್ನೆ ಇದು. ಮಗನಿಗೆ ಏಳು ವರ್ಷ. ನಾಲ್ಕು ತುಂಬುವ ಮೊದಲೇ ಲ್ಯುಕೇಮಿಯಾ ಬಂದು, ಎರಡೂವರೆ ವರ್ಷ ಬೆಂಗಳೂರಿಗೆ ಓಡಾಡಿ ಚಿಕಿತ್ಸೆ ಮುಗಿಸಿದ್ದರು. ಮುಗಿದು ಎಂಟು ತಿಂಗಳಾಗಿತ್ತು. ಹುಡುಗ ಶಾಲೆಗೆ ಹೋಗುತ್ತಿದ್ದ, ತಲೆಗೂದಲು ದಟ್ಟವಾಗಿ ಬೆಳೆದಿತ್ತು. ಮಾಮೂಲಿ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿರುವುದು ಕಂಡಿತು, ಬೋನ್ ಮ್ಯಾರೋ (ಮೂಳೆಮಜ್ಜೆ) ಪರೀಕ್ಷೆಯಲ್ಲಿ ಕಾಯಿಲೆ ಮರಳಿರುವುದು ಖಚಿತವಾಯಿತು.

ನಾನು ಮಕ್ಕಳ ವೈದ್ಯ, ಕ್ಯಾನ್ಸರ್ ತಜ್ಞನಲ್ಲ. ಆದರೆ ಈ ಮಕ್ಕಳಿಗೆ ರಾತ್ರಿ ಜ್ವರ ಬಂದರೆ ಮೊದಲು ಕರೆ ಬರುವುದು ನನಗೆ. ದೊಡ್ಡ ಆಸ್ಪತ್ರೆಯಲ್ಲಿ ಗಡಿಬಿಡಿಯಲ್ಲಿ ಕೇಳಿಸಿಕೊಂಡದ್ದನ್ನು ಇನ್ನೊಮ್ಮೆ ನಿಧಾನವಾಗಿ ತಿಳಿದುಕೊಳ್ಳಲು ಅಪ್ಪ ಅಮ್ಮ ಫೈಲು ಹಿಡಿದು ಬರುವುದೂ ಇಲ್ಲಿಗೇ. ಆ ದಿನ ತಂದೆಯ ಮೊಬೈಲಿನಲ್ಲಿ ನಾಲ್ಕೈದು ಸುದ್ದಿಗಳಿದ್ದವು. ಕಾರ್-ಟಿ, ಬ್ಲಿನಾಟುಮೊಮ್ಯಾಬ್, "ಕೀಮೋ ಇಲ್ಲದ ಚಿಕಿತ್ಸೆ", ಹೀಗೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹಳೆಯದೋ ಹೊಸದೋ ಎಂದು ಒಂದನ್ನು ಆರಿಸಿಕೊಳ್ಳುವ ಸಂದರ್ಭ ಈ ಕಾಯಿಲೆಯಲ್ಲಿ ಬಹಳ ಅಪರೂಪ. ಹಳೆಯದರ ದಾರಿಯಲ್ಲಿ ಹೊಸದನ್ನು ಯಾವ ಹಂತದಲ್ಲಿ ಸೇರಿಸಬೇಕು, ಯಾವ ಮಗುವಿಗೆ ಸೇರಿಸಬೇಕು ಎನ್ನುವುದೇ ವೈದ್ಯರು ಹಾಕುವ ಲೆಕ್ಕ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರ್ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಫೈಲಿನ ಮೇಲೆ ಎ.ಎಲ್.ಎಲ್. ಎಂದು ಬರೆದಿರುತ್ತಾರೆ. ಅದರಲ್ಲೂ ಬಹುಪಾಲು ಬಿ-ಕೋಶ ಎಂಬ ಬಿಳಿರಕ್ತಕಣದ ಬಗೆ, ಉಳಿದದ್ದು ಟಿ-ಕೋಶದ್ದು. ಶ್ರೀಮಂತ ದೇಶಗಳಲ್ಲಿ ಈಗ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕುಳಿಯುತ್ತಾರೆ, ಅದೂ ಬಹುತೇಕ ಹಳೆಯ ಔಷಧಿಗಳ ಬಲದಿಂದಲೇ. ಈ ಮಕ್ಕಳು ತಿಂಗಳಾನುಗಟ್ಟಲೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಯ ಹಿಂದೆ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆಯಿದೆ. ಅವರ ತಂಡ ತಯಾರಿಸಿಕೊಟ್ಟ, ಮೆಥೊಟ್ರೆಕ್ಸೇಟಿನ ಹತ್ತಿರದ ನೆಂಟನಾದ ಅಮಿನೊಪ್ಟೆರಿನ್ ಬಳಸಿಯೇ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ಮಕ್ಕಳ ಲ್ಯುಕೇಮಿಯಾ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟುತ್ತದೆ ಎಂದು ತೋರಿಸಿದ್ದು. "ಹಳೇ ಔಸ್ದಿ" ಎಂದು ಯಾರಾದರೂ ಮುಖ ಸಿಂಡರಿಸಿದಾಗ ನನಗೆ ಈ ಕಥೆ ಹೇಳಬೇಕೆನಿಸುತ್ತದೆ.

ಹಾಗಾದರೆ ಕಾಯಿಲೆ ಮರಳುವುದೇಕೆ? ನಮ್ಮ ಜಿಲ್ಲೆಯವರಿಗೆ ಆಲೂಗಡ್ಡೆ ಹೊಲದ ಉದಾಹರಣೆ ಸಾಕು. ಎಷ್ಟೇ ಜೋಪಾನವಾಗಿ ಕಿತ್ತರೂ ಮಣ್ಣಿನಲ್ಲಿ ಒಂದೆರಡು ಗೆಡ್ಡೆ ಉಳಿಯುತ್ತವೆ. ಮೇಲಿನಿಂದ ನೋಡಿದರೆ ಹೊಲ ಖಾಲಿ. ಮಳೆ ಬಿದ್ದಾಗ ಅದೇ ಗೆಡ್ಡೆ ಚಿಗುರುತ್ತದೆ, ಒಳಗೆ ಅಂಗಮಾರಿ ಇದ್ದರೆ ಅದೂ ಜೊತೆಗೇ ಏಳುತ್ತದೆ. ಮರಳಿ ಬಂದ ಲ್ಯುಕೇಮಿಯಾ ಕೋಶಗಳು ಹೀಗೆ ಅಡಗಿ ಉಳಿದವುಗಳ ಪೀಳಿಗೆ. ಮೊದಲ ಸುತ್ತಿನ ಔಷಧಿಗಳನ್ನು ಹೇಗೋ ತಡೆದುಕೊಂಡವು. ಆದ್ದರಿಂದ ಎರಡನೆಯ ಸಲ ಅದೇ ಔಷಧಿಗೆ ಬಗ್ಗುವುದು ಕಷ್ಟ.

ಎಷ್ಟು ಕಷ್ಟ ಎನ್ನುವುದು ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಕಾಯಿಲೆ ಯಾವಾಗ ಮರಳಿತು ಎಂಬುದು ಮೊದಲ ಸಂಗತಿ. ಮೊದಲು ಪತ್ತೆಯಾದ ದಿನದಿಂದ ಮೂರು ವರ್ಷ ಕಳೆದ ಮೇಲೆ ಮೂಳೆಮಜ್ಜೆಯಲ್ಲಿ ಮರಳಿದರೆ ಅದನ್ನು ತಡವಾದದ್ದು ಎನ್ನುತ್ತಾರೆ. ಅದಕ್ಕಿಂತ ಮೊದಲೇ, ಅದರಲ್ಲೂ ಒಂದೂವರೆ ವರ್ಷದೊಳಗೆ, ಚಿಕಿತ್ಸೆ ನಡೆಯುತ್ತಿರುವಾಗಲೇ ಮರಳಿದರೆ ಬಹಳ ಹಟಮಾರಿ. ಎಲ್ಲಿ ಮರಳಿತು ಎಂಬುದು ಇನ್ನೊಂದು: ಮಜ್ಜೆಯಲ್ಲೋ, ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದಲ್ಲೋ, ಗಂಡುಮಕ್ಕಳಲ್ಲಾದರೆ ವೃಷಣದಲ್ಲೋ. ಬಿ-ಕೋಶವೋ ಟಿ-ಕೋಶವೋ ಎಂಬುದೂ ಮುಖ್ಯ, ಯಾಕೆಂದರೆ ಇವತ್ತಿನ ಹೊಸ ಔಷಧಿಗಳಲ್ಲಿ ಬಹುತೇಕ ಎಲ್ಲವೂ ಬಿ-ಕೋಶಕ್ಕೆ ಗುರಿಯಿಟ್ಟವು. ಈ ಹುಡುಗನದು ಬಿ-ಕೋಶದ ಬಗೆ, ಮಜ್ಜೆಯಲ್ಲಿ, 38 ತಿಂಗಳ ಮೇಲೆ. ಕೆಟ್ಟ ಸುದ್ದಿಯೊಳಗೂ ಇದು ತಕ್ಕಮಟ್ಟಿಗೆ ಒಳ್ಳೆಯ ಸ್ಥಿತಿ ಎಂದು ಅವರಿಗೆ ಹೇಳಿದೆ. ಧೈರ್ಯ ತುಂಬಲೆಂದು ಆಡಿದ ಮಾತಲ್ಲ, ನಿಜವಾಗಿಯೂ ಹಾಗೇ ಇದೆ.

ರೂಢಿಯ ಚಿಕಿತ್ಸೆ ಶುರುವಾಗುವುದು ಸುಮಾರು ಒಂದು ತಿಂಗಳ ಬಿರುಸಾದ ಕೀಮೋದಿಂದ. ವಿನ್‌ಕ್ರಿಸ್ಟೀನ್, ಸ್ಟೀರಾಯ್ಡ್, ಆಸ್ಪರಾಜಿನೇಸ್, ಇವುಗಳ ಜೊತೆಗೆ ಆಂಥ್ರಾಸೈಕ್ಲಿನ್ ಗುಂಪಿನದೋ ಅದರ ಹತ್ತಿರದ್ದೋ ಒಂದು ಔಷಧಿ, ಬೆನ್ನಿಗೆ ಇಂಜೆಕ್ಷನ್ ಬೇರೆ. ಈ ನಾಲ್ಕನೆಯ ಔಷಧಿಯ ಆಯ್ಕೆಯಿಂದಲೇ ಎಷ್ಟು ವ್ಯತ್ಯಾಸವಾಗಬಹುದು ಎಂದು ಬ್ರಿಟನ್ನಿನ ಯುಕೆಎಎಲ್‌ಎಲ್ ಆರ್-3 ಎಂಬ ಪ್ರಯೋಗ 2010ರಲ್ಲಿ ತೋರಿಸಿತು. ಐಡರೂಬಿಸಿನ್ ಬದಲು ಮೈಟೊಕ್ಸಾಂಟ್ರೋನ್ ಕೊಟ್ಟ ಮಕ್ಕಳಲ್ಲಿ ಮೂರು ವರ್ಷದ ಕೊನೆಗೆ ಕಾಯಿಲೆ ಮುಂದುವರಿಯದೆ ಇದ್ದವರು 64.6%, ಐಡರೂಬಿಸಿನ್ ಪಡೆದವರಲ್ಲಿ 35.9%. ಎರಡೂ ಹಳೆಯ ಔಷಧಿಗಳೇ. ಹೊಸ ಔಷಧಿಯ ಸುದ್ದಿಗಳ ನಡುವೆ ಈ ಫಲಿತಾಂಶವನ್ನು ಜನ ಮರೆತುಬಿಡುತ್ತಾರೆ. ಸರಿಯಾದ ಕೀಮೋವನ್ನು ಸರಿಯಾದ ಸಮಯಕ್ಕೆ ಕೊಡಿಸುವುದು ಇವತ್ತಿಗೂ ದೊಡ್ಡ ಚಿಕಿತ್ಸೆ.

ತಿಂಗಳು ಮುಗಿದ ಮೇಲೆ ಮತ್ತೆ ಮಜ್ಜೆ ತೆಗೆದು ಎಂ.ಆರ್.ಡಿ. ಪರೀಕ್ಷೆ ಮಾಡುತ್ತಾರೆ. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕಡಿಮೆ ಕ್ಯಾನ್ಸರ್ ಕೋಶ ಉಳಿದಿದೆಯೇ ಎಂದು ಹುಡುಕುವ ಪರೀಕ್ಷೆ. ಹತ್ತು ಸಾವಿರ ಕೋಶಗಳಲ್ಲಿ ಒಂದು ಕೆಟ್ಟದ್ದಿದ್ದರೂ ಹಿಡಿಯುತ್ತದೆ. ರಿಪೋರ್ಟಿನಲ್ಲಿ ಅದು 0.01% ಎಂದಿರುತ್ತದೆ. ಹೆಚ್ಚಿನ ಕಡೆ ಇದೇ ಗೆರೆ, ಕೆಲವು ಪ್ರಯೋಗಗಳಲ್ಲಿ 0.1%, ಅಂದರೆ ಸಾವಿರಕ್ಕೆ ಒಂದು. ಮುಂದಿನ ದಾರಿ ತಿರುಗುವುದು ಈ ಒಂದು ಸಂಖ್ಯೆಯ ಮೇಲೆ. ಬೇಗ ಮರಳಿದ ಕಾಯಿಲೆಗೆ, ಟಿ-ಕೋಶದ ಕಾಯಿಲೆಗೆ, ಅಥವಾ ತಡವಾಗಿ ಮರಳಿದರೂ ಎಂ.ಆರ್.ಡಿ. ಗೆರೆ ಮೇಲೇ ಉಳಿದ ಮಗುವಿಗೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಬೇಕಾಗುತ್ತದೆ. ಕೆಳಗೆ ಇಳಿದವರು ಇನ್ನಷ್ಟು ಕೀಮೋ, ಆಮೇಲೆ ಮನೆಯಲ್ಲೇ ಮಾತ್ರೆಯ ದೀರ್ಘ ಹಂತ, ಹೀಗೆ ಮತ್ತೆ ಎರಡು ವರ್ಷದ ಹಾದಿ ಹಿಡಿಯಬಹುದು.

ಟ್ರಾನ್ಸ್‌ಪ್ಲಾಂಟ್ ಬಗ್ಗೆ ಒಂದು ಮಾತು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಮಜ್ಜೆಯೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ದರೆ ದಾನಿಗಳ ನೋಂದಣಿಯಲ್ಲಿ ಹುಡುಕಬೇಕು, ಇಲ್ಲವೇ ಅರ್ಧ ಹೊಂದುವ ಅಪ್ಪ ಅಮ್ಮನಿಂದಲೇ ತೆಗೆದುಕೊಳ್ಳಬೇಕು. ಟ್ರಾನ್ಸ್‌ಪ್ಲಾಂಟಿಗೆ ಮುಂಚೆ ಮೈಗೆಲ್ಲ ರೇಡಿಯೇಶನ್ ಕೊಡುವುದು ಬೇಡ, ಬರೀ ಔಷಧಿ ಸಾಕು ಎಂಬ ಆಸೆ ಬಹಳ ಕಾಲದಿಂದ ಇತ್ತು. ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ನಡೆದ ಫೋರಂ ಪ್ರಯೋಗ ಅದಕ್ಕೆ ಉತ್ತರ ಕೊಟ್ಟಿತು: ಎರಡು ವರ್ಷಕ್ಕೆ ಬದುಕುಳಿದವರು ರೇಡಿಯೇಶನ್ ಪಡೆದವರಲ್ಲಿ 91%, ಔಷಧಿ ಮಾತ್ರ ಪಡೆದವರಲ್ಲಿ 75%. ಇಲ್ಲಿಯೂ ಹಳೆಯದೇ ಗೆದ್ದಿತು. ಆದರೆ ಬೆಲೆಯಿದೆ. ಬೆಳವಣಿಗೆ ಕುಂಠಿತವಾಗಬಹುದು, ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು. ಟ್ರಾನ್ಸ್‌ಪ್ಲಾಂಟ್ ಇಲ್ಲದೆಯೇ ಗುಣವಾಗುವ ಮಗುವನ್ನು ಗುರುತಿಸಿ ಅದನ್ನು ಇದರಿಂದ ಉಳಿಸಬೇಕು ಎನ್ನುವ ಹಂಬಲ ಅದಕ್ಕೇ.

ಈಗ ಬ್ಲಿನಾಟುಮೊಮ್ಯಾಬ್. ಕೀಮೋ ಕೋಶಗಳಿಗೆ ನೇರವಾಗಿ ವಿಷ ಉಣಿಸುತ್ತದೆ, ಒಳ್ಳೆಯದು ಕೆಟ್ಟದು ನೋಡುವುದಿಲ್ಲ. ಇದು ಹಾಗಲ್ಲ. ಎರಡು ಕೈಗಳಿರುವ ಒಂದು ಪ್ರೋಟೀನ್ ಎಂದುಕೊಳ್ಳಿ. ಒಂದು ಕೈ ಬಿ-ಕೋಶದ ಮೈಮೇಲಿನ ಸಿಡಿ-19 ಎಂಬ ಗುರುತನ್ನು ಹಿಡಿಯುತ್ತದೆ, ಇನ್ನೊಂದು ಕೈ ಮಗುವಿನದೇ ಕಾವಲು ಕೋಶವಾದ ಟಿ-ಕೋಶವನ್ನು ಹಿಡಿದು ಎಳೆದು ತರುತ್ತದೆ. ಎರಡೂ ಮುಖಾಮುಖಿಯಾದ ಮೇಲೆ ಕೊಲ್ಲುವ ಕೆಲಸ ಟಿ-ಕೋಶದ್ದು. ಈ ಪ್ರೋಟೀನ್ ರಕ್ತದಲ್ಲಿ ಕೆಲವೇ ಗಂಟೆ ಉಳಿಯುವುದರಿಂದ 28 ದಿನ ಹಗಲೂ ರಾತ್ರಿ ಪಂಪಿನ ಮೂಲಕ ಬಿಡದೆ ಹರಿಸಬೇಕು. ಮೊದಲ ದಿನಗಳಲ್ಲಿ ಜ್ವರ, ರಕ್ತದೊತ್ತಡ ಇಳಿಯುವುದು, ಅಪರೂಪಕ್ಕೆ ಫಿಟ್ಸ್ ಬರಬಹುದು. ಹಾಗಾಗಿ ಆಗ ಆಸ್ಪತ್ರೆಯಲ್ಲೇ ಇರಬೇಕು.

2021ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಒಟ್ಟಿಗೇ ಪ್ರಕಟವಾಯಿತು. ಒಂದು ಯುರೋಪಿನ ಕಡೆಯದು, 108 ಮಕ್ಕಳು, ಎಲ್ಲರೂ ಹೆಚ್ಚು ಅಪಾಯದ ಗುಂಪಿನವರು. ಟ್ರಾನ್ಸ್‌ಪ್ಲಾಂಟಿಗೆ ಮುಂಚಿನ ಕೀಮೋದ ಕೊನೆಯ ಸುತ್ತಿನ ಬದಲು ಒಂದು ಸುತ್ತು ಬ್ಲಿನಾಟುಮೊಮ್ಯಾಬ್ ಕೊಟ್ಟರು. ಕಾಯಿಲೆ ಮರಳುವುದು, ಸಾವು ಮೊದಲಾದ ಕೆಟ್ಟ ಘಟನೆಗಳು ಕೀಮೋ ಪಡೆದವರಲ್ಲಿ 57% ಇದ್ದದ್ದು ಇವರಲ್ಲಿ 31%ಕ್ಕೆ ಇಳಿಯಿತು. ಇನ್ನೊಂದು ಅಮೆರಿಕದ ಎಎಎಲ್‌ಎಲ್-1331. ಅಲ್ಲಿ ಎರಡು ವರ್ಷಕ್ಕೆ ಕಾಯಿಲೆಯಿಲ್ಲದೆ ಇದ್ದವರು 54.4%, ಕೀಮೋದಲ್ಲಿ 39.0%. ಈ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದ್ದರಿಂದ ಕಾಯಿಲೆಯಿಲ್ಲದೆ ಇರುವ ಲೆಕ್ಕದಲ್ಲಿ ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಎನ್ನಲು ಬೇಕಾದ ಸಂಖ್ಯಾಶಾಸ್ತ್ರದ ಗೆರೆಯನ್ನು ಅದು ಸ್ವಲ್ಪದರಲ್ಲಿ ದಾಟಲಿಲ್ಲ. ಅದನ್ನು ಮುಚ್ಚಿಡಬಾರದು. ಆದರೂ ನನಗೆ ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ ಅಂಕಿಗಳು. ಗಂಭೀರ ಸೋಂಕು ಕೀಮೋ ಪಡೆದವರಲ್ಲಿ 65%, ಬ್ಲಿನಾಟುಮೊಮ್ಯಾಬ್ ಪಡೆದವರಲ್ಲಿ 15%. ಬಿಳಿರಕ್ತಕಣ ಕುಸಿದಾಗ ಬರುವ ಜ್ವರ 58%ಕ್ಕೆ ಎದುರಾಗಿ ಬರೀ 5%.

ಬೆಂಗಳೂರಿನಲ್ಲಿ ಮನೆಯಿರುವವರಿಗೆ ಇದು ಒಂದು ಅಂಕಿಯಷ್ಟೇ ಅನ್ನಿಸಬಹುದು. ಮಲೆನಾಡಿನವರಿಗೆ ಇದು ಬದುಕಿನ ಪ್ರಶ್ನೆ. ಬಿಳಿರಕ್ತಕಣದ ಕೌಂಟ್ ಬಿದ್ದ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ನರದ ಮೂಲಕ ಆಂಟಿಬಯೋಟಿಕ್ ಹೋಗಬೇಕು ಎನ್ನುವುದು ನಿಯಮ. ಜುಲೈ ತಿಂಗಳ ರಾತ್ರಿ ತೋಟದ ಲೈನ್ ಮನೆಯಿಂದ ಹೊರಟು, ಮರ ಬಿದ್ದ ರಸ್ತೆಯಲ್ಲಿ ಜೀಪು ಹುಡುಕಿ, ಪೇಟೆ ತಲುಪುವುದಕ್ಕೇ ಎರಡು ಗಂಟೆ ಬೇಕು. ಮರಳಿದ ಲ್ಯುಕೇಮಿಯಾದಲ್ಲಿ ಮಕ್ಕಳು ಸಾಯುವುದು ಕ್ಯಾನ್ಸರಿನಿಂದ ಮಾತ್ರವಲ್ಲ, ಚಿಕಿತ್ಸೆಯ ನಡುವಿನ ಸೋಂಕಿನಿಂದಲೂ. ಆದ್ದರಿಂದ ಹೊಸ ಔಷಧಿಯ ಬೆಲೆ ಕಟ್ಟುವಾಗ "ಎಷ್ಟು ಮಕ್ಕಳು ಗುಣವಾದರು" ಎಂಬುದರ ಜೊತೆಗೆ "ಎಷ್ಟು ರಾತ್ರಿ ಆಸ್ಪತ್ರೆಗೆ ಓಡಬೇಕಾಯಿತು" ಎಂಬುದನ್ನೂ ಸೇರಿಸಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಒಂದನ್ನು ಗಮನಿಸಿ. ಈ ಎರಡೂ ಪ್ರಯೋಗಗಳಲ್ಲಿ ಎಲ್ಲ ಮಕ್ಕಳಿಗೂ ಮೊದಲು ಕೀಮೋ ಕೊಟ್ಟಿದ್ದರು. ಬ್ಲಿನಾಟುಮೊಮ್ಯಾಬ್ ಚೆನ್ನಾಗಿ ಕೆಲಸ ಮಾಡುವುದು ಕ್ಯಾನ್ಸರ್ ಕೋಶಗಳ ಹೊರೆ ಕಡಿಮೆ ಇರುವಾಗ. ನೇಗಿಲು ಹೊಡೆದ ಮೇಲೆ ಉಳಿದ ಗೆಡ್ಡೆಗಳನ್ನು ಒಂದೊಂದಾಗಿ ಆರಿಸಿ ತೆಗೆಯುವ ಕೈ ಅದು. ಹೊಲ ತುಂಬ ಬೆಳೆದಿರುವಾಗ ಬರಿಗೈಯಲ್ಲಿ ಕೀಳಲು ಹೋದರೆ ಸಾಲುವುದಿಲ್ಲ. ಕೀಮೋ ಕಾಟ ತಪ್ಪಲ್ವಾ ಎಂದು ಕೇಳಿದ ತಾಯಿಗೆ ನನ್ನ ಉತ್ತರ ಇಷ್ಟು: ಮೊದಲ ತಿಂಗಳ ಕೀಮೋ ತಪ್ಪುವುದಿಲ್ಲ. ಅದರ ನಂತರದ ಬಿರುಸಾದ ಸುತ್ತುಗಳಲ್ಲಿ ಕೆಲವು ತಪ್ಪಬಹುದು.

ಇವರ ಮಗನಂತೆ ತಡವಾಗಿ ಮರಳಿ, ಮೊದಲ ತಿಂಗಳ ಕೀಮೋ ಮುಗಿದಾಗ ಎಂ.ಆರ್.ಡಿ. ಚೆನ್ನಾಗಿ ಇಳಿದಿದ್ದ ಮಕ್ಕಳ ಫಲಿತಾಂಶ 2023ರಲ್ಲಿ ಬಂತು. ಮಜ್ಜೆಯಲ್ಲಿ ಮರಳಿದವರಿಗೆ ಕೀಮೋದ ಜೊತೆ ಬ್ಲಿನಾಟುಮೊಮ್ಯಾಬ್ ಸೇರಿಸಿದಾಗ, ಟ್ರಾನ್ಸ್‌ಪ್ಲಾಂಟ್ ಇಲ್ಲದೆಯೇ, ನಾಲ್ಕು ವರ್ಷಕ್ಕೆ 72.7% ಮಕ್ಕಳು ಕಾಯಿಲೆಯಿಲ್ಲದೆ ಇದ್ದರು. ಬರೀ ಕೀಮೋದಲ್ಲಿ 53.7%. ಆದರೆ ಅದೇ ಪ್ರಯೋಗದಲ್ಲಿ ಮಜ್ಜೆ ಬಿಟ್ಟು ಮಿದುಳಿನ ದ್ರವದಲ್ಲೋ ವೃಷಣದಲ್ಲೋ ಮಾತ್ರ ಮರಳಿದ ಮಕ್ಕಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ: 36.6% ಮತ್ತು 38.8%. ಈ ಪ್ರೋಟೀನ್ ಮಿದುಳಿನ ಕಡೆಗೆ ಸರಿಯಾಗಿ ದಾಟುವುದಿಲ್ಲ. ಒಂದೇ ಔಷಧಿ, ಒಂದೇ ಕಾಯಿಲೆಯ ಹೆಸರು, ಮರಳಿದ ಜಾಗ ಮಾತ್ರ ಬೇರೆ. ಪಕ್ಕದ ಹಾಸಿಗೆಯ ಮಗುವಿಗೆ ಬರೆದ ಔಷಧಿಯನ್ನು ನಮ್ಮ ಮಗುವಿಗೇಕೆ ಬರೆಯಲಿಲ್ಲ ಎಂದು ಕೊರಗುವ ಪೋಷಕರಿಗೆ ಇದನ್ನು ವಿವರಿಸಲೇಬೇಕು.

ತಂದೆಗೆ ಹೆಚ್ಚು ಆಸೆ ಹುಟ್ಟಿಸಿದ್ದು ಕಾರ್-ಟಿ. ಮಗುವಿನ ಟಿ-ಕೋಶಗಳನ್ನು ರಕ್ತದಿಂದ ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಅವುಗಳಿಗೆ ಸಿಡಿ-19 ಗುರುತಿಸುವ ಹೊಸ ಜೀನ್ ಸೇರಿಸಿ, ಸಂಖ್ಯೆ ಹೆಚ್ಚಿಸಿ, ಮರಳಿ ಮೈಗೆ ಬಿಡುವ ವಿಧಾನ. ಬಿಡುವ ಮುಂಚೆ ಜಾಗ ಮಾಡಿಕೊಡಲು ಫ್ಲುಡರಬಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಹಳೆಯ ಕೀಮೋವನ್ನೇ ಕೊಡಬೇಕು. ಅಮೆರಿಕದಲ್ಲಿ 2017ರ ಆಗಸ್ಟಿನಲ್ಲಿ ಟಿಸಾಜೆನ್‌ಲೆಕ್ಲುಸೆಲ್ ಎಂಬ ಕಾರ್-ಟಿಗೆ ಒಪ್ಪಿಗೆ ಸಿಕ್ಕಾಗ ಅದರ ಬೆಲೆ 4,75,000 ಡಾಲರ್. ಎಲಿಯಾನಾ ಎಂಬ ಪ್ರಯೋಗದಲ್ಲಿ 75 ಮಂದಿಗೆ ಕೊಟ್ಟಾಗ ಮೂರು ತಿಂಗಳೊಳಗೆ 81% ಮಂದಿಯಲ್ಲಿ ಕಾಯಿಲೆ ಮಾಯವಾಯಿತು. ಅವರು ಎರಡು ಸಲ ಅಥವಾ ಹೆಚ್ಚು ಸಲ ಕಾಯಿಲೆ ಮರಳಿದವರು, ಇಲ್ಲವೇ ಕೀಮೋಗೆ ಬಗ್ಗದವರು, ಇಲ್ಲವೇ ಟ್ರಾನ್ಸ್‌ಪ್ಲಾಂಟ್ ಆಗಿಯೂ ಸೋತವರು. ಅವರಲ್ಲಿ ಇಂಥ ಫಲಿತಾಂಶ ಬಂದದ್ದು ನಿಜಕ್ಕೂ ಅದ್ಭುತ.

ಆದರೆ ಆ 81% ಎಂಬ ಅಂಕಿಯ ಪಕ್ಕ ಇನ್ನೆರಡನ್ನು ಇಟ್ಟು ನೋಡಬೇಕು. ಪ್ರಯೋಗಕ್ಕೆ ಸೇರಿದ್ದವರು 92, ಕೋಶ ಪಡೆದವರು 75. ಉಳಿದವರಲ್ಲಿ ಹಲವರ ಕೋಶ ತಯಾರಾಗಲಿಲ್ಲ, ಇಲ್ಲವೇ ತಯಾರಾಗುವಷ್ಟು ಕಾಲ ಅವರು ಉಳಿಯಲಿಲ್ಲ. ಒಂದು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಚೆನ್ನಾಗಿದ್ದವರು ಸುಮಾರು ಅರ್ಧ. ಕೆಲವರಲ್ಲಿ ಕ್ಯಾನ್ಸರ್ ಕೋಶಗಳು ಸಿಡಿ-19 ಗುರುತನ್ನೇ ಕಳಚಿಹಾಕಿ ತಪ್ಪಿಸಿಕೊಳ್ಳುತ್ತವೆ. ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಗೆ ಸೈಟೊಕೈನ್ ಬಿರುಗಾಳಿ ಎನ್ನುವ ತೀವ್ರ ಜ್ವರ, ಒತ್ತಡ ಕುಸಿತ ಬಂತು. ಅದನ್ನು ತಣಿಸುವ ಟೊಸಿಲಿಜುಮ್ಯಾಬ್ ಎಂಬ ಔಷಧಿ ಮತ್ತು ಐ.ಸಿ.ಯು. ಸಿದ್ಧವಿರಬೇಕು. ಇನ್ನೊಂದು ವಿಷಯ, ಈ ಪ್ರಯೋಗದಲ್ಲಿ ಹೋಲಿಸಲು ಕೀಮೋ ಪಡೆದ ಗುಂಪೇ ಇರಲಿಲ್ಲ. ಹಾಗಾಗಿ ಮೊದಲ ಸಲ, ತಡವಾಗಿ ಮರಳಿದ ಮಗುವಿಗೆ ಕಾರ್-ಟಿ ಕೀಮೋಗಿಂತ ಮೇಲು ಎಂದು ಈ ಅಂಕಿಯಿಂದ ಹೇಳಲು ಬರುವುದಿಲ್ಲ.

ನಮ್ಮ ದೇಶದ್ದೇ ಕಾರ್-ಟಿ ಬಂದಿದೆಯಲ್ಲ ಎಂದು ತಂದೆ ಕೇಳಿದರು. ಬಂದಿದೆ, ಹೆಮ್ಮೆಯ ವಿಷಯವೇ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯ ದುಡಿಮೆಯಿಂದ ಹುಟ್ಟಿದ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು, 2024ರ ಏಪ್ರಿಲಿನಲ್ಲಿ ರಾಷ್ಟ್ರಪತಿಯವರು ಅದನ್ನು ಬಿಡುಗಡೆ ಮಾಡಿದರು. ಬೆಲೆ ವಿದೇಶದ್ದಕ್ಕಿಂತ ಎಷ್ಟೋ ಕಡಿಮೆ, ಆದರೂ ಮೂವತ್ತು ನಲವತ್ತು ಲಕ್ಷದ ಮಾತು. ಒಪ್ಪಿಗೆ ಸಿಕ್ಕಿದ್ದು 15 ವರ್ಷ ಮತ್ತು ಮೇಲಿನವರಿಗೆ. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರಲ್ಲಿ ತಂದ ಖಾರ್ಟೆಮಿ ಎಂಬ ಕಾರ್-ಟಿ ದೊಡ್ಡವರ ಲಿಂಫೋಮಾ ಎಂಬ ಬೇರೆ ಕ್ಯಾನ್ಸರಿಗೆ. ಸುದ್ದಿಯ ತಲೆಬರಹದಲ್ಲಿ ವಯಸ್ಸು, ಕಾಯಿಲೆಯ ಬಗೆ ಇರುವುದಿಲ್ಲ. ಏಳು ವರ್ಷದ ಮಗುವಿನ ತಂದೆ ಅದನ್ನು ಓದಿ ತೋಟ ಅಡವಿಡುವ ಯೋಚನೆಗೆ ಇಳಿದಿರುತ್ತಾನೆ.

ಇನ್ನು ಇನೊಟುಜುಮ್ಯಾಬ್. ಸಿಡಿ-22 ಎಂಬ ಗುರುತು ಹುಡುಕಿ ವಿಷವನ್ನು ಕೋಶದೊಳಗೇ ಇಳಿಸುವ ಔಷಧಿ. 2024ರಲ್ಲಿ ಅಮೆರಿಕ ಇದನ್ನು ಒಂದು ವರ್ಷ ದಾಟಿದ ಮಕ್ಕಳಿಗೂ ಒಪ್ಪಿತು. ಯಕೃತ್ತಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುವ ಅಪಾಯವಿದೆ, ಮುಂದೆ ಟ್ರಾನ್ಸ್‌ಪ್ಲಾಂಟ್ ಆಗಬೇಕಾದವರಲ್ಲಿ ಇನ್ನೂ ಹೆಚ್ಚು. ಟಿ-ಕೋಶದ ಕಾಯಿಲೆ ಮರಳಿದ ಮಕ್ಕಳಿಗೆ ಈ ಮೂರೂ ಇಲ್ಲ. ನೆಲರಬಿನ್ ಎಂಬ ಕೀಮೋ ಇದೆ, ಟ್ರಾನ್ಸ್‌ಪ್ಲಾಂಟ್ ಇದೆ, ಟಿ-ಕೋಶಕ್ಕೇ ಗುರಿಯಿಡುವ ಕಾರ್-ಟಿ ಇನ್ನೂ ಪ್ರಯೋಗದ ಹಂತದಲ್ಲಿದೆ. ಅಂಥ ಮಕ್ಕಳ ಮನೆಯವರೊಂದಿಗೆ ಮಾತಾಡುವಾಗ ನನ್ನ ಗಂಟಲು ಕಟ್ಟುತ್ತದೆ.

ದುಡ್ಡಿನ ಮಾತು ಎತ್ತದೆ ಹೋಲಿಕೆ ಪೂರ್ತಿಯಾಗುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ. ಬ್ಲಿನಾಟುಮೊಮ್ಯಾಬ್‌ನ ಖರ್ಚು ಒಂದೇ ಸುತ್ತಿಗೆ ಲಕ್ಷಗಳಲ್ಲಿ. ಕಂಪನಿಗಳ ನೆರವಿನ ಯೋಜನೆ, ಮುಖ್ಯಮಂತ್ರಿಗಳ ಪರಿಹಾರ ನಿಧಿ, ದಾನಿಗಳು, ಆಸ್ಪತ್ರೆಯ ಸಮಾಜಸೇವಾ ವಿಭಾಗ, ಎಲ್ಲ ಬಾಗಿಲನ್ನೂ ಮೊದಲ ತಿಂಗಳ ಕೀಮೋ ನಡೆಯುತ್ತಿರುವಾಗಲೇ ತಟ್ಟಬೇಕು. ಎಂ.ಆರ್.ಡಿ. ರಿಪೋರ್ಟ್ ಬಂದ ಮೇಲೆ ಅರ್ಜಿ ಬರೆಯಲು ಕೂತರೆ, ದುಡ್ಡು ಕೈಗೆ ಬರುವಷ್ಟರಲ್ಲಿ ಇಳಿದಿದ್ದ ಕಾಯಿಲೆ ಮತ್ತೆ ಏಳಬಹುದು. ಅಣ್ಣ ತಂಗಿಯರ ಮಜ್ಜೆ ಹೊಂದುತ್ತದೆಯೇ ಎಂಬ ಎಚ್.ಎಲ್.ಎ. ಪರೀಕ್ಷೆಯನ್ನೂ ಹಾಗೆಯೇ ಮೊದಲೇ ಮಾಡಿಸಿಡುವುದು ಒಳ್ಳೆಯದು.

ತಾಯಿ ಒಂದು ನೋಟ್‌ಬುಕ್ ತಂದಿದ್ದರು. ಬೆಂಗಳೂರಿನ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಒಟ್ಟಿಗೆ ಬರೆದೆವು. ಮೊದಲ ತಿಂಗಳ ಕೊನೆಗೆ ಎಂ.ಆರ್.ಡಿ. ಎಷ್ಟು, ನಿಮ್ಮ ಗೆರೆ ಯಾವುದು? ಗೆರೆಗಿಂತ ಕೆಳಗಿದ್ದರೆ ಟ್ರಾನ್ಸ್‌ಪ್ಲಾಂಟ್ ಬಿಡಬಹುದೇ? ಬ್ಲಿನಾಟುಮೊಮ್ಯಾಬ್ ಸೇರಿಸುವುದಾದರೆ ಯಾವ ಕೀಮೋ ಸುತ್ತಿನ ಬದಲು? ಹೃದಯಕ್ಕೆ ಹಾನಿ ಮಾಡಬಲ್ಲ ಆಂಥ್ರಾಸೈಕ್ಲಿನ್ ಇದುವರೆಗೆ ಒಟ್ಟು ಎಷ್ಟು ಹೋಗಿದೆ? ಕೊನೆಯದನ್ನು ಅವರೇ ಸೇರಿಸಿದರು: ಪಂಪ್ ಕಟ್ಟಿಕೊಂಡು ಅವನು ಆಟ ಆಡಬಹುದಾ?

ಆಡಬಹುದು, ನಳಿಕೆ ಎಳೆಯದಂತೆ ನೋಡಿಕೊಂಡರೆ ಆಯಿತು ಎಂದೆ.

ಮೊದಲ ತಿಂಗಳ ಕೀಮೋ ಈಗ ಮುಗಿಯುತ್ತಾ ಬಂದಿದೆ. ಕೌಂಟ್ ಬಿದ್ದಿದೆ. ಕೀಮೋಗೆ ಆಸ್ಪತ್ರೆಯ ಡೇ ಕೇರ್‌ಗೆ ಹೋಗಿ ಬರುವ ದಿನ ಬಿಟ್ಟರೆ ಅವರು ಊರಿಗೆ ಹೋಗದೆ ಹಾಸನದಲ್ಲೇ, ಆಸ್ಪತ್ರೆಗೆ ಹತ್ತು ನಿಮಿಷದ ದಾರಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಥರ್ಮಾಮೀಟರ್ ತಾಯಿಯ ದಿಂಬಿನ ಕೆಳಗಿರುತ್ತದೆ. ಕಳೆದ ವಾರ ರಾತ್ರಿ ಎರಡು ಗಂಟೆಗೆ 100.6 ಬಂದಾಗ ಅರ್ಧ ಗಂಟೆಯೊಳಗೆ ಆಂಟಿಬಯೋಟಿಕ್‌ನ ಮೊದಲ ಡೋಸ್ ಹೋಗಿತ್ತು. ಮಜ್ಜೆಯ ಪರೀಕ್ಷೆ ಇನ್ನು ಒಂಬತ್ತು ದಿನಕ್ಕಿದೆ.